ಎಚ್ಚರಗೊಳ್ಳದ ಯಂತ್ರ

ಗಣಕಯಂತ್ರವನ್ನು ಚಾಲನೆಗೊಳಿಸುವುದು ಹೊರನೋಟಕ್ಕೆ ಒಂದು ಗುಂಡಿಯನ್ನು ಒತ್ತುವಷ್ಟೇ ಸರಳ. ಆದರೆ ಆ ಒತ್ತುವಿಕೆಯ ಹಿಂದೆ ನಿಯತವಾದ ಒಂದು ಕ್ರಮವಿದೆ ಎಂಬುದನ್ನು ಓದುಗರು ಗಮನಿಸಬೇಕು. ಗೋಡೆಯ 230 ವೋಲ್ಟಿನ ವಿದ್ಯುತ್ತು ಪವರ್ ಸಪ್ಲೈ ಎಂಬ ಪೆಟ್ಟಿಗೆಯನ್ನು ಸೇರಿದೊಡನೆ 5 ವೋಲ್ಟಿನ ಒಂದು ಕಿರುಧಾರೆ ಮಾತ್ರ ಮದರ್‌ಬೋರ್ಡಿಗೆ ಹರಿಯುತ್ತಿರುತ್ತದೆ. ಗುಂಡಿಯನ್ನು ಒತ್ತಿದಾಗ ಬೋರ್ಡು ಆ ಪೆಟ್ಟಿಗೆಗೆ ಸಂಜ್ಞೆಯನ್ನು ಕೊಡುತ್ತದೆ. 12, 5 ಹಾಗೂ 3.3 ವೋಲ್ಟುಗಳ ಮುಖ್ಯಧಾರೆಗಳು ಹೊರಡುತ್ತವೆ; ಅವು ಸ್ಥಿರಗೊಂಡವೆಂಬ ಮರುಸಂಜ್ಞೆ ಬಂದ ಮೇಲಷ್ಟೇ ಪ್ರೊಸೆಸರು ಕಾರ್ಯಾರಂಭ ಮಾಡುತ್ತದೆ. ಅದು ಮಾಡುವ ಮೊದಲ ಕೆಲಸವೆಂದರೆ ತನ್ನನ್ನೂ ತನ್ನ ಸಂಗಡಿಗರನ್ನೂ ಪರೀಕ್ಷಿಸಿಕೊಳ್ಳುವುದು. ‘ಪೋಸ್ಟ್’ ಎಂದು ಕರೆಯಲಾಗುವ ಈ ಸ್ವಪರೀಕ್ಷೆ 1981ರ ಐಬಿಎಂ ಪಿಸಿಯಲ್ಲಿಯೂ ಇತ್ತು. ಎಲ್ಲವೂ ಸರಿಯಾಗಿದ್ದರೆ ಆ ಯಂತ್ರ ಒಂದೇ ಒಂದು ಕಿರುನಾದವನ್ನು ಮಾಡುತ್ತಿತ್ತು.

ಧಾರವಾಡದ ಒಂದು ಮನೆಯ ಮುಂಗೋಣೆಯಲ್ಲಿ ಆ ನಾದಕ್ಕಾಗಿ ಎರಡು ದಿನ ಕಾಯಬೇಕಾಯಿತು. ಆ ಕೋಣೆಯೇ ಮನೆಯವರ ಡಿಟಿಪಿ ಕೇಂದ್ರ. ಲಗ್ನಪತ್ರಿಕೆಗಳ ಅಕ್ಷರ ಜೋಡಣೆಯೇ ಜೀವನಾಧಾರ. ಹಳೆಯ ಯಂತ್ರ ಲಗ್ನದ ಹಂಗಾಮಿನಲ್ಲಿಯೇ ಕೈಕೊಟ್ಟಿತು. ತಾಯಿ ಮಹಿಳಾ ಸಂಘದಿಂದ ಸಾಲ ತಂದರು. ಬಿಸಿಎ ಓದುತ್ತಿದ್ದ ಮಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದು, ಹಳೆಯ ಕ್ಯಾಬಿನೆಟ್ಟನ್ನೇ ಉಳಿಸಿಕೊಂಡು ಹೊಸ ಯಂತ್ರವನ್ನು ತಾನೇ ಜೋಡಿಸಿದಳು. ಗುಂಡಿ ಒತ್ತಿದಾಗ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ.

“ಏನವಾ, ಸುಟ್ಟಿತೇನು?” ಎಂದರು ತಂದೆ.

“ಇಲ್ಲಪ್ಪಾ, ಇನ್ನ ನೋಡಾಕತ್ತೀನಿ.”

ಹೀಗೆ ಉತ್ತರಿಸುವ ಧೈರ್ಯ ಸಾಮಾನ್ಯವಾದುದಲ್ಲ. ಏಳು ದಿನಗಳೊಳಗೆ ಮಾತ್ರ ಬದಲಿಸಿ ಕೊಡುವುದಾಗಿ ಅಂಗಡಿಯವರು ಹೇಳಿದ್ದರು. ಯಾವ ಭಾಗ ಕೆಟ್ಟಿದೆಯೆಂದು ತಿಳಿಯದೆ ಮತ್ತೆ ಬೆಂಗಳೂರಿಗೆ ಹೋಗಿ ಫಲವಿಲ್ಲ. ಇಂಥ ಹೊತ್ತಿನಲ್ಲಿ “ಬೋರ್ಡು ಹೋಗಿದೆ” ಎಂದು ತೀರ್ಪು ಕೊಡುವವರಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ. ನೆರೆಯ ರಿಪೇರಿಯವನೊಬ್ಬ ಮುಟ್ಟಿಯೂ ನೋಡದೆ ಹಾಗೆಂದೇ ಹೇಳಿ ಹೋದನು.

ಮೊದಲು ಹೊರಗಿನದು. ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೇ, ಪವರ್ ಸಪ್ಲೈಯ ಹಿಂಬದಿಯ ಸ್ವಿಚ್ಚು ಹಾಕಿದೆಯೇ, 24 ಪಿನ್ನುಗಳ ದಪ್ಪ ಜೋಡಣೆಯೂ ಪ್ರೊಸೆಸರಿಗೆಂದೇ ಇರುವ 8 ಪಿನ್ನುಗಳ ಬೇರೆ ಜೋಡಣೆಯೂ ಪೂರ್ತಿ ಕುಳಿತಿವೆಯೇ ಎಂದು ನೋಡಿದ್ದಾಯಿತು. ಈ ಎರಡನೆಯದನ್ನು ಮರೆಯುವವರು ಬಹಳ, ಇವಳು ಮರೆತಿರಲಿಲ್ಲ. ಮುಂಗುಂಡಿಯೇ ಕೆಟ್ಟಿರಬಹುದೆಂದು ಅದರ ತಂತಿಯನ್ನು ಕಳಚಿ, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ಕೂಡಿಸಿ ನೋಡಿದಳು. ಮತ್ತೆ ಅದೇ ಅರ್ಧ ಸುತ್ತು.

ಈ ಅರ್ಧ ಸುತ್ತಿನಲ್ಲಿಯೇ ಅರ್ಥವಿದೆ. ಪೂರ್ಣವಾಗಿ ಸತ್ತ ಪವರ್ ಸಪ್ಲೈ ಫ್ಯಾನನ್ನು ಅಲುಗಿಸಲೂ ಆರದು. ಒಂದು ಕ್ಷಣ ಎದ್ದು, ಕೂಡಲೇ ನಿಂತು, ಹಿಂಬದಿಯ ಸ್ವಿಚ್ಚನ್ನು ಆರಿಸಿ ತುಸು ಕಾಯುವವರೆಗೆ ಮತ್ತೆ ಏಳದಿದ್ದರೆ, ಅದು ಎಲ್ಲಿಯೋ ಶಾರ್ಟ್ ಸರ್ಕ್ಯೂಟನ್ನು ಕಂಡು ತನ್ನನ್ನು ತಾನೇ ತಡೆದುಕೊಂಡಿರುವ ಸಂಭವ ಹೆಚ್ಚು. ಅದು ರಕ್ಷಣೆಯೇ ಹೊರತು ರೋಗವಲ್ಲ.

ಮಗಳು ಪವರ್ ಸಪ್ಲೈಯನ್ನು ಬೋರ್ಡಿನಿಂದ ಬೇರ್ಪಡಿಸಿದಳು. ಪ್ಲಗ್ಗನ್ನು ಕಿತ್ತಿಟ್ಟು, 24 ಪಿನ್ನುಗಳ ಜೋಡಣೆಯಲ್ಲಿ ಹಸಿರು ತಂತಿಯ ರಂಧ್ರವನ್ನು ಪಕ್ಕದ ಕಪ್ಪು ತಂತಿಯ ರಂಧ್ರಕ್ಕೆ ಕಾಗದದ ಕ್ಲಿಪ್ಪಿನಿಂದ ಕೂಡಿಸಿ, ಆಮೇಲೆ ವಿದ್ಯುತ್ತು ಕೊಟ್ಟಳು. ಅದರ ಫ್ಯಾನು ತಡೆಯಿಲ್ಲದೆ ತಿರುಗಿತು. ಹೊರೆ ಇಲ್ಲದಾಗ ಫ್ಯಾನೇ ತಿರುಗದ ಮಾದರಿಗಳೂ ಉಂಟು, ಇದು ಅಂಥದಲ್ಲ. ಹೊರೆಯ ಕೆಳಗೆ ಅದು ನಿಂತೀತೇ ಎಂಬುದನ್ನು ಈ ಪರೀಕ್ಷೆ ಹೇಳದು. ಆದರೂ ಪೆಟ್ಟಿಗೆ ಸತ್ತಿಲ್ಲವೆಂಬುದು ತಿಳಿಯಿತು. ಆ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಲಾಗದು. ಪ್ಲಗ್ಗು ಕಿತ್ತ ಬಳಿಕವೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರಬಲ್ಲದು.

ಮರುದಿನ ಭಾಗಗಳನ್ನು ಒಂದೊಂದಾಗಿ ಕಳಚುವ ಕೆಲಸ. ಡಿಸ್ಕು ತೆಗೆದಳು, ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದಳು, ಉಳಿದುದನ್ನು ಬೇರೆ ಸ್ಥಾನದಲ್ಲಿಟ್ಟಳು. ಫಲ ಒಂದೇ. ಕೊನೆಗೆ ಬೋರ್ಡನ್ನೇ ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದಳು. ಪ್ರೊಸೆಸರು, ಅದರ ಫ್ಯಾನು, ಒಂದು ರ‍್ಯಾಮ್ ಪಟ್ಟಿ, ಬೀಪ್ ಮಾಡುವ ಪುಟ್ಟ ಸ್ಪೀಕರು, ಮಾನಿಟರಿನ ಕೇಬಲ್ಲು, ಇಷ್ಟೇ. ಸ್ಕ್ರೂಡ್ರೈವರು ತಾಗಿಸಿದೊಡನೆ ಫ್ಯಾನು ತಿರುಗುತ್ತಲೇ ಹೋಯಿತು. ಕೆಲವು ಕ್ಷಣಗಳಲ್ಲಿ ಒಂದು ಕಿರುನಾದ. ಅಡುಗೆಮನೆಯಿಂದ ತಾಯಿ ಓಡಿಬಂದರು.

ಬೋರ್ಡು ಹೊರಗೆ ಬದುಕುತ್ತದೆ, ಒಳಗೆ ಸಾಯುತ್ತದೆ. ಅಂದಮೇಲೆ ದೋಷ ಕ್ಯಾಬಿನೆಟ್ಟಿನದು. ಬೋರ್ಡಿನ ಅಡಿಭಾಗ ಲೋಹದ ತಟ್ಟೆಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವೆ. ಸ್ಟ್ಯಾಂಡ್‌ಆಫ್ ಎಂದು ಅವುಗಳ ಹೆಸರು. ಮನೆಯ ಹಳೆಯ ಬೋರ್ಡು 244 ಮಿಲಿಮೀಟರ್ ಉದ್ದದ ಮೈಕ್ರೋ-ಎಟಿಎಕ್ಸ್. ಹೊಸದು 305 ಮಿಲಿಮೀಟರಿನ ಪೂರ್ಣ ಎಟಿಎಕ್ಸ್. ಇಂಟೆಲ್ ಸಂಸ್ಥೆ 1995ರಲ್ಲಿ ತಂದ ಅಳತೆ. ಮೇಲಿನ ಎರಡು ಸಾಲಿನ ರಂಧ್ರಗಳು ಎರಡಕ್ಕೂ ಹೊಂದುತ್ತವೆ, ಕೆಳಸಾಲು ಹೊಂದುವುದಿಲ್ಲ. ಹಳೆಯ ಕೆಳಸಾಲಿನ ಒಂದು ಕಂಬ ಅಲ್ಲಿಯೇ ಉಳಿದಿತ್ತು. ಹೊಸ ಬೋರ್ಡಿನಲ್ಲಿ ರಂಧ್ರಗಳು ಒಂಬತ್ತು, ತಟ್ಟೆಯ ಮೇಲೆ ಕಂಬಗಳು ಹತ್ತು. ಹತ್ತನೆಯದು ಬೋರ್ಡಿನ ಬೆನ್ನಿನ ಬೆಸುಗೆಯ ಚುಕ್ಕೆಗಳಿಗೆ ತಾಗಿ ಧಾರೆಯನ್ನು ನೇರವಾಗಿ ಕ್ಯಾಬಿನೆಟ್ಟಿಗೆ ಇಳಿಸುತ್ತಿತ್ತು. ಪವರ್ ಸಪ್ಲೈ ತಕ್ಷಣವೇ ತಡೆದುದರಿಂದ ಬೋರ್ಡು ಉಳಿಯಿತು.

ಇಕ್ಕಳದಿಂದ ಆ ಕಂಬವನ್ನು ತಿರುಗಿಸಿ ತೆಗೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಳಚಿದ್ದನ್ನೆಲ್ಲ ಮರಳಿ ಜೋಡಿಸುವಾಗ ಮಗಳು ಪ್ರತಿ ಭಾಗಕ್ಕೊಮ್ಮೆ ಗುಂಡಿ ಒತ್ತಿ ನಾದವನ್ನು ಕೇಳಿಯೇ ಮುಂದುವರಿದಳು. ಆಗ ಸಂಜೆಯಾಗಿತ್ತು, ತಂದೆ ಮರುದಿನ ಕೊಡಬೇಕಾಗಿದ್ದ ಲಗ್ನಪತ್ರಿಕೆಯ ಹಸ್ತಪ್ರತಿಯನ್ನು ಹಿಡಿದು ಕನ್ನಡಕ ಒರೆಸಿಕೊಳ್ಳುತ್ತ ಕುಳಿತಿದ್ದರು.