ಫಂಡಿನ ಪುಸ್ತಕ

ನಮ್ಮ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳ, ವಿದ್ಯಾನಿಧಿಯ ಲೆಕ್ಕ ನನ್ನ ಕೊರಳಿಗೆ ಬಿದ್ದದ್ದು ನಾನು ಬ್ಯಾಂಕಿನಿಂದ ನಿವೃತ್ತನಾದೆ ಎಂಬ ಒಂದೇ ಕಾರಣಕ್ಕೆ. ಕೊಡಗಿನಲ್ಲಿ ಮಿಲಿಟರಿಯಿಂದ ರಿಟೈರಾದವನಿಗೆ ಹಾಕಿ ಪಂದ್ಯದ ಉಸ್ತುವಾರಿ, ಬ್ಯಾಂಕಿನಿಂದ ರಿಟೈರಾದವನಿಗೆ ಖಜಾಂಚಿಗಿರಿ. ಬೇಡವೆಂದರೆ ಕೇಳುವವರಿಲ್ಲ.

ನಿಧಿ ದೊಡ್ಡದೇನಲ್ಲ. ಕಾಫಿ ಮಾರಿದ ಮೇಲೆ ಒಕ್ಕದ ಮನೆಗಳವರು ಕೈಲಾದಷ್ಟು ಹಾಕುತ್ತಾರೆ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದ ದಿನ ಓದುವ ಮಕ್ಕಳಿಗೆ ಹಂಚುತ್ತೇವೆ. ಹಿರಿಯರಿಂದ ಕಿರಿಯರವರೆಗೆ ಎಲ್ಲರ ಬಾಯಲ್ಲೂ ಅದು ಬರೀ ‘ಫಂಡ್’.

ಹಳೆಯ ಲೆಕ್ಕದ ಪುಸ್ತಕವೂ ನನ್ನ ಹತ್ತಿರವೇ ಇದೆ. ಕೆಂಪು ಬಟ್ಟೆಯ ಬೈಂಡು, ಅಂಚನ್ನು ಗೆದ್ದಲು ರುಚಿ ನೋಡಿದೆ. ಕಾಲೇಜು ಫೀಸಿನ ಪಕ್ಕದಲ್ಲೇ ಬಸ್ ಚಾರ್ಜು, ಒಂದು ತಗಡಿನ ಟ್ರಂಕು, ಕಂಬಳಿ, ಒಂದು ಜೊತೆ ಬೂಟು. ಬೂಟಿನ ಮುಂದೆ ಯಾರೋ ‘ಇದು ಬೇಕಿತ್ತೇ?’ ಎಂದು ಪೆನ್ಸಿಲಿನಲ್ಲಿ ಗೀಚಿದ್ದಾರೆ. ನನ್ನಂಥವನೇ ಇನ್ನೊಬ್ಬ ಖಜಾಂಚಿಯಿರಬೇಕು.

ಬೇಕಿತ್ತು. 1949ರವರೆಗೆ ಕೊಡಗಿನಲ್ಲಿ ಕಾಲೇಜೇ ಇರಲಿಲ್ಲ. ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿದವನು ಮೈಸೂರಿಗೋ ಮಂಗಳೂರಿಗೋ ಮದ್ರಾಸಿಗೋ ಹೋಗಬೇಕು. ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹೋದದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ. ಅವರು ಭಾರತೀಯ ಸೇನೆಯ ಮಹಾದಂಡನಾಯಕರಾದ ವರ್ಷವೇ ಮಡಿಕೇರಿಗೆ ಕಾಲೇಜು ಬಂತು; ಈಗ ಅದಕ್ಕೆ ಅವರದೇ ಹೆಸರು. ಹಾಗೆ ದೂರ ಕಳಿಸಲು ನಗದು ಎಲ್ಲಿತ್ತು? ಪತ್ತಾಯದಲ್ಲಿ ಭತ್ತವಿತ್ತು, ಅಷ್ಟೆ. ಜಮ್ಮ ಜಮೀನು ಇಡೀ ಒಕ್ಕದ್ದು. ತನ್ನ ಪಾಲು ಮಾರಿ ಮಗನನ್ನು ಓದಿಸುತ್ತೇನೆಂದು ಒಬ್ಬ ಹೊರಡುವಂತಿರಲಿಲ್ಲ. ಗದ್ದೆ ಎಲ್ಲರದಾದ ಮೇಲೆ ಹುಡುಗನ ಟ್ರಂಕೂ ಎಲ್ಲರ ತಲೆಯ ಮೇಲೇ ಬಂತು.

ಆ ಟ್ರಂಕುಗಳು ಹೆಚ್ಚಾಗಿ ವಾಪಸು ಬರಲಿಲ್ಲ ಎನ್ನುವುದು ಬೇರೆ ಮಾತು. ಓದಿದವರು ಸೇನೆ, ಬೆಂಗಳೂರು, ಅಲ್ಲಿಂದಾಚೆ ಎಂದು ಹೋದರು. ನಮ್ಮ ಕೈಯಾರೆ ಬಸ್ ಚಾರ್ಜು ಕೊಟ್ಟು ಊರು ಖಾಲಿ ಮಾಡಿಕೊಂಡೆವು. ಹಾಗೆಂದು ಫಂಡನ್ನು ದೂರಲಾರೆ. ಓದಿಸದೆ ಕೂರಿಸಿದ್ದರೆ ಗದ್ದೆಯೇನೂ ತಾನಾಗಿ ಉಳಿಯುತ್ತಿರಲಿಲ್ಲ.

ನನಗೆ ತಕರಾರಿರುವುದು ಈಗಿನ ಹಂಚಿಕೆಯ ಬಗ್ಗೆ. ಶೇ 95 ಅಂಕ ತೆಗೆದ, ಅಪ್ಪ ಕಾರಿನಲ್ಲಿ ಕರೆತಂದ ಹುಡುಗನಿಗೆ ಕವರು, ಫಲಕ, ಚಪ್ಪಾಳೆ. ಶೇ 60 ತೆಗೆದು ನರ್ಸಿಂಗ್ ಸೇರಿದವಳಿಗೆ ಒಳ್ಳೆಯದಾಗಲಿ ಎಂಬ ಹಾರೈಕೆ. ಇನ್ನೊಂದು, ಮದುವೆಯಾಗಿ ಹೋದ ಹೆಣ್ಣುಮಕ್ಕಳದು. ಮದುವೆಯಾದವಳು ಗಂಡನ ಒಕ್ಕ ಸೇರುತ್ತಾಳೆ; ಅವಳ ಮಕ್ಕಳು ನಮ್ಮ ಫಂಡಿಗೆ ಹೊರಗಿನವರು. ಹೋದ ಸಲ ಗಂಡನಿಲ್ಲದ ಒಬ್ಬಳ ಮಗನ ಅರ್ಜಿ ಬಂತು. ಬಲ್ಯಪ್ಪ, ಅಂದರೆ ನನ್ನ ದೊಡ್ಡಪ್ಪ, ಜಗಲಿಯ ಐಮರದ ಮೇಲೆ ಕುಳಿತಲ್ಲಿಂದಲೇ ತಲೆಯಾಡಿಸಿದರು.

“ಅವನಿಗೆ ಅವನ ಒಕ್ಕ ಇದೆಯಲ್ಲ?”

“ಅಲ್ಲಿ ಫಂಡೇ ಇಲ್ಲ, ಬಲ್ಯಪ್ಪ.”

“ಹಾಗಾದರೆ ಶುರು ಮಾಡಲಿಕ್ಕೆ ಹೇಳು.”

ನಾನು ವಾದಕ್ಕೆ ಹೋಗಲಿಲ್ಲ. ಜಮೆಯ ಪುಟ ತೆರೆದು ಅವರ ಮುಂದಿಟ್ಟೆ. ಆ ವರ್ಷ ಹೆಚ್ಚು ಹಣ ಬಂದದ್ದು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದಲೇ. ತಾಮನೆಯ, ಅಂದರೆ ತವರಿನ, ಫಂಡೆಂದು ದುಬೈಯಿಂದ, ಪುಣೆಯಿಂದ ಕಳಿಸಿದ್ದರು. ಬಲ್ಯಪ್ಪ ಕನ್ನಡಕ ಏರಿಸಿ, ಹೆಸರುಗಳ ಮೇಲೆ ಬೆರಳಾಡಿಸುತ್ತ ಓದಿದರು. “ಇವರ ದುಡ್ಡು ಆಗುತ್ತದೆ, ಅಲ್ಲವಾ?” ಎಂದು ತಮ್ಮಷ್ಟಕ್ಕೇ ಗೊಣಗಿದರು. ಆಮೇಲೆ ನನ್ನ ಕಡೆ ತಿರುಗಿ, “ಮುಂದಿನ ಸಭೆಗೆ ವಿಷಯ ಹಾಕು” ಎಂದರು.

ಹಾಕಿದ್ದೇನೆ, ಅದೂ ಮೊದಲನೆಯದಾಗಿ. ಕೊನೆಗಿಟ್ಟರೆ ಅಷ್ಟರಲ್ಲಿ ಹಿಂದುಗಡೆಯಿಂದ ಪಂದಿಕರಿಯ ವಾಸನೆ ಬಂದು ಸಭೆಯೇ ಎದ್ದು ಹೋಗುತ್ತದೆ.