ಕಾಳು ಸಣ್ಣದಾದರೆ ಯಾರಿಗೆ ಲಾಭ?

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು ಕಾಳು ದಪ್ಪ ಆಗಲಿ ಅಂತ ಗೊನೆಗಳನ್ನು ಜಿಎ ದ್ರಾವಣದಲ್ಲಿ, ಅಂದರೆ ಜಿಬ್ಬರೆಲಿಕ್ ಆಸಿಡ್‌ನಲ್ಲಿ, ಅದ್ದುತ್ತಾರೆ. ಚಪ್ಪರದ ಕೆಳಗೆ ನಿಂತು ಒಂದೊಂದೇ ಗೊನೆ ಹಿಡಿದು ಮಾಡುವ ಕೆಲಸ, ಕುತ್ತಿಗೆ ಬಿದ್ದುಹೋಗುತ್ತದೆ. ನಾನೀಗ ಓದುತ್ತಿರುವುದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ. ಇಲ್ಲಿಂದ ಕಾರಲ್ಲಿ ಸುಮಾರು ಒಂದು ತಾಸು ಹೋದರೆ ನಾಪಾ. ಅಲ್ಲಿ ಕೆಂಪು ವೈನ್ ದ್ರಾಕ್ಷಿ ಬೆಳೆಯುವವರು ಕಾಳು ದಪ್ಪ ಆಗಬಾರದು ಅಂತ ಬೇಕಂತಲೇ ನೀರು ಕಡಿಮೆ ಬಿಡುತ್ತಾರೆ.

ಇದನ್ನು ಫೋನಿನಲ್ಲಿ ಹೇಳಿದಾಗ ಕಾಕಾ ಅಂದದ್ದು: "ನೀರ ಇದ್ದೂ ಬಿಡೂದಿಲ್ಲಂದ್ರ ಹುಚ್ಚ ಹಿಡದೈತೇನು ಅವರಿಗೆ?"

ಹುಚ್ಚೇನಲ್ಲ, ಲೆಕ್ಕ ಇದೆ. ಕೆಂಪು ವೈನಿನ ಬಣ್ಣ ರಸದಿಂದ ಬರುವುದಲ್ಲ. ಬಹುತೇಕ ಕೆಂಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣ ಕೊಡುವ ಆಂಥೊಸಯನಿನ್ ಇರುವುದು ಸಿಪ್ಪೆಯಲ್ಲಿ. ನಾಲಿಗೆಗೆ ಒಗರು ಕೊಡುವ ಟ್ಯಾನಿನ್ ಸಿಪ್ಪೆಯಲ್ಲೂ ಬೀಜದಲ್ಲೂ ಇರುತ್ತದೆ. ಕಾಳನ್ನು ಗೋಲ ಅಂದುಕೊಳ್ಳಿ (ಎಂಜಿನಿಯರುಗಳು ಎಲ್ಲವನ್ನೂ ಗೋಲ ಅಂದುಕೊಳ್ಳುತ್ತೇವೆ). ವ್ಯಾಸ 15 ಮಿಲಿಮೀಟರ್ ಇದ್ದದ್ದು 12ಕ್ಕೆ ಇಳಿದರೆ, ಅಷ್ಟೇ ರಸಕ್ಕೆ ಸಿಗುವ ಸಿಪ್ಪೆ ಶೇ. 25ರಷ್ಟು ಹೆಚ್ಚು. ಬಣ್ಣ ಗಾಢ, ರುಚಿ ಗಟ್ಟಿ, ಬಾಟಲಿಯ ಬೆಲೆಯೂ ಮೇಲೆ.

ಬರೀ ಗಾತ್ರದ್ದೇ ಆಟವಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ನೀರು ಚೆನ್ನಾಗಿ ಕುಡಿದ ಬಳ್ಳಿಯಿಂದಲೂ ಬಾಯಾರಿದ ಬಳ್ಳಿಯಿಂದಲೂ ಕ್ಯಾಬರ್ನೆ ಸೊವಿನ್ಯೋನ್ ಕಾಳು ತಂದು, ಗಾತ್ರದ ಪ್ರಕಾರ ಬೇರೆ ಮಾಡಿ, ಒಂದೇ ಗಾತ್ರದವನ್ನು ಪರಸ್ಪರ ಹೋಲಿಸಿದರು. ಗಾತ್ರ ಒಂದೇ ಇದ್ದರೂ ಬಾಯಾರಿದ ಬಳ್ಳಿಯ ಕಾಳಿನ ಸಿಪ್ಪೆಯಲ್ಲಿ ಟ್ಯಾನಿನ್ನೂ ಆಂಥೊಸಯನಿನ್ನೂ ಹೆಚ್ಚು. ಅಂದರೆ ಬಳ್ಳಿ ಬರೀ ಸೊರಗುತ್ತಿಲ್ಲ, ಒಳಗೆ ಬೇರೆ ಅಡುಗೆ ನಡೆಸಿದೆ. ನೀರು ಕಡಿಮೆಯಾದಾಗ ಅಬ್ಸಿಸಿಕ್ ಆಸಿಡ್ ಎಂಬ ಹಾರ್ಮೋನ್ ಏರುತ್ತದೆ. ಅದು ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ, ಕಾಳಿನಲ್ಲಿ ಬಣ್ಣ ತಯಾರಿಸುವ ಜೀನ್‌ಗಳನ್ನು ಚುರುಕು ಮಾಡುತ್ತದೆ. ವಾಸನೆಯೂ ಬದಲಾಗುತ್ತದೆ. ಕ್ಯಾಬರ್ನೆಯಲ್ಲಿ ಮೆಥಾಕ್ಸಿಪೈರಜಿನ್ ಅನ್ನುವ ಸಂಯುಕ್ತ ಹೆಚ್ಚಿದ್ದರೆ ವೈನ್ ಡೊಣ್ಣಮೆಣಸಿನಕಾಯಿ ಥರ ನಾರುತ್ತದೆ. ಕಡಿಮೆ ನೀರಿನ ಬಳ್ಳಿಗಳ ವೈನಿನಲ್ಲಿ ಆ ಹಸಿ ವಾಸನೆ ಇಳಿದು ಹಣ್ಣಿನ ಪರಿಮಳ ಏರುತ್ತದೆ ಅಂತ ಅದೇ ಗುಂಪು 2005ರಲ್ಲಿ ತೋರಿಸಿತು. (ನಾನು ವೈನ್ ಕುಡಿಯುವವನಲ್ಲ. ಅವ್ವ ಬಂಧುಗಳಿಗೆಲ್ಲ "ನೀರಾವರಿ ಓದ್ತಾನ" ಅಂತಷ್ಟೇ ಹೇಳಿದ್ದಾಳೆ. ಸುಳ್ಳೇನಲ್ಲ.)

ಬಾಯಾರಿಕೆಗೆ ಅಳತೆ ಇದೆ. ಬೇಸಿಗೆಯಲ್ಲಿ ನಡು ಮಧ್ಯಾಹ್ನ ತೋಟಕ್ಕೆ ಹೋಗಿ ಬಿಸಿಲು ಬಿದ್ದ ಎಲೆ ಕಿತ್ತು ತಕ್ಷಣ ಪ್ರೆಶರ್ ಚೇಂಬರ್‌ನಲ್ಲಿ ಇಡಬೇಕು. ಎಲೆ ಒಳಗೆ, ತೊಟ್ಟಿನ ತುದಿ ಮಾತ್ರ ಹೊರಗೆ. ಸಿಲಿಂಡರಿನಿಂದ ನೈಟ್ರೋಜನ್ ಬಿಡುತ್ತಾ, ಭೂತಗನ್ನಡಿ ಹಿಡಿದು ತೊಟ್ಟಿನ ತುದಿಯನ್ನೇ ದಿಟ್ಟಿಸುತ್ತಾ ಕೂರಬೇಕು. ಒಂದು ಹನಿ ಕಾಣಿಸಿದ ಕ್ಷಣದ ಒತ್ತಡ ಬರೆದುಕೊಳ್ಳುವುದು. ಎಲೆ ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೋ ಅಷ್ಟು ಬಾರ್. ಸುಮಾರು 10 ಬಾರ್ ಬಂದರೆ ಬಳ್ಳಿ ಆರಾಮಾಗಿದೆ. 12ರಿಂದ 14 ಬಂದರೆ ವೈನ್ ಮಾಡುವವರಿಗೆ ಖುಷಿ. 16 ದಾಟಿದರೆ ಎಲೆ ಜೋಲುತ್ತದೆ, ದ್ಯುತಿಸಂಶ್ಲೇಷಣೆ ಕುಸಿಯುತ್ತದೆ, ಸಕ್ಕರೆ ತಯಾರಾಗುವುದೇ ನಿಲ್ಲುತ್ತಾ ಬರುತ್ತದೆ. ಆಮೇಲೂ ಬ್ರಿಕ್ಸ್ ಏರಿದರೆ ಅದು ಹೊಸ ಸಕ್ಕರೆಯಲ್ಲ, ಕಾಳಿನ ನೀರು ಆರಿದ್ದು. ಎಲೆ ಕಡಿಮೆಯಾಗಿ ಗೊನೆಗೆ ನೇರ ಬಿಸಿಲು ಬಿದ್ದರೆ ಮ್ಯಾಲಿಕ್ ಆಮ್ಲ ಉರಿದುಹೋಗುತ್ತದೆ, ಅಷ್ಟು ಕಷ್ಟಪಟ್ಟು ಬಂದ ಬಣ್ಣವೂ ಶಾಖಕ್ಕೆ ಒಡೆಯುತ್ತದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಇರುವುದು ಬರೀ ಎರಡು ಮೂರು ಬಾರ್.

ಹಾಗಾಗಿ "ಬಳ್ಳಿಗೆ ಕಷ್ಟ ಕೊಟ್ಟರೆ ವೈನ್ ಚೆಂದ" ಅನ್ನುವ ಮಾತು ಇಲ್ಲಿ ಕಿವಿಗೆ ಬಿದ್ದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಇಲ್ಲಿ ಮೇದಿಂದ ಸೆಪ್ಟೆಂಬರ್‌ವರೆಗೆ ಮಳೆ ಹೆಚ್ಚುಕಡಿಮೆ ಇಲ್ಲ. ನಲ್ಲಿ ಬೆಳೆಗಾರನ ಕೈಯಲ್ಲಿದೆ. ಆ ಕಷ್ಟಕ್ಕೆ ಡೋಸ್ ಇದೆ, ದಿನಾಂಕ ಇದೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಮುಂದಿನ ಜನವರಿಯಲ್ಲಿ ಕಾಕಾನ ಬೋರ್ ಬತ್ತಿದಾಗ ಯಾರೂ ದಿನಾಂಕ ಕೇಳಲಿಲ್ಲ. ಟ್ಯಾಂಕರ್ ನೀರು ಕೊಂಡು ಡ್ರಿಪ್‌ಗೆ ಬಿಟ್ಟರು. ಅವರದು ಥಾಮ್ಸನ್ ಸೀಡ್‌ಲೆಸ್, ಒಣದ್ರಾಕ್ಷಿಗೆ. ಅದು ಹಸಿರು ಹಣ್ಣು, ಆಂಥೊಸಯನಿನ್ ಇಲ್ಲವೇ ಇಲ್ಲ. ಬರ ಕೊಡುವ ದೊಡ್ಡ ಉಡುಗೊರೆಯೇ ಬಣ್ಣ. ಅದನ್ನು ತೆಗೆದುಕೊಳ್ಳಲು ಆ ಬಳ್ಳಿಗೆ ಜಾಗವಿಲ್ಲ. ಮಾರುವುದೋ ತೂಕದ ಮೇಲೆ. ಸುಮಾರು 4 ಕಿಲೋ ಹಣ್ಣು ಒಣಗಿಸಿದರೆ 1 ಕಿಲೋ ಒಣದ್ರಾಕ್ಷಿ. ಕಾಯಿ ಕಟ್ಟಿದ ಮೊದಲ ವಾರಗಳಲ್ಲಿ, ಕಾಳಿನ ಜೀವಕೋಶಗಳು ವಿಭಜನೆ ಆಗುವ ಹೊತ್ತಲ್ಲಿ, ನೀರು ತಪ್ಪಿದರೆ ಆಮೇಲೆ ಎಷ್ಟು ಟ್ಯಾಂಕರ್ ಬಿಟ್ಟರೂ ಕಾಳು ಪೂರ್ತಿ ತುಂಬುವುದಿಲ್ಲ.

ಇದನ್ನೆಲ್ಲ ವಿವರಿಸಿದ ಮೇಲೆ ಕಾಕಾ ಇನ್ನೊಂದು ಮಾತು ಹೇಳಿದರು. "ನೀರ ಕಡಿಮಿ ಮಾಡೂದು ನಮಗೂ ಗೊತ್ತೈತೋ. ಏಪ್ರಿಲ್ ಚಾಟ್ನಿ ಆದಮ್ಯಾಲ ಮೇ, ಜೂನದಾಗ ತಡದ ಬಿಡ್ತೀವಿ. ಇಲ್ಲಂದ್ರ ಬಳ್ಳಿ ಬರೇ ಓಡತೈತಿ, ಮುಂದ ಗೊನಿ ಬರೂದಿಲ್ಲ." ಸರಿಯಾಗಿಯೇ ಇದೆ. ಆ ಹೊತ್ತಲ್ಲಿ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಗೊನೆಯ ಮೊಳಕೆ ರೂಪುಗೊಳ್ಳುತ್ತಿರುತ್ತದೆ. ಸ್ವಲ್ಪ ಬಾಯಾರಿಕೆ ಅದಕ್ಕೆ ಅನುಕೂಲ. ಪ್ರೆಶರ್ ಚೇಂಬರ್ ಇಲ್ಲದೆ, ಕುಡಿಯ ಓಟ ನೋಡಿಯೇ ಅವರು ಡೋಸ್ ಕೊಡುತ್ತಾರೆ. ಕೊರತೆ ಇರುವುದು ಜನವರಿಯಲ್ಲಿ: ಇರುವುದೊಂದು ಟ್ಯಾಂಕರ್, ಪ್ಲಾಟು ಮೂರು, ಯಾವುದಕ್ಕೆ ಬಿಡಬೇಕು?

ನನ್ನ ಪ್ರಾಜೆಕ್ಟ್ ಸುತ್ತುತ್ತಿರುವುದು ಈ ಪ್ರಶ್ನೆಯನ್ನೇ. ಚೇಂಬರ್‌ಗೆ ಸಾವಿರಾರು ಡಾಲರ್, ಅದು ಬೇಡ. ನೀರು ಸಿಗುವ ಎಲೆ ಬೆವರಿ ತಂಪಾಗಿರುತ್ತದೆ, ರಂಧ್ರ ಮುಚ್ಚಿದ ಎಲೆ ಬಿಸಿಯಾಗುತ್ತದೆ. ಎಲೆಯ ಶಾಖದಿಂದ ಬಾಯಾರಿಕೆ ಅಳೆಯುವ ಸೂಚ್ಯಂಕ 1981ರಲ್ಲೇ ಅರಿಜೋನಾದಲ್ಲಿ ತಯಾರಾಗಿತ್ತು. ಇಡ್ಸೊ, ಜಾಕ್ಸನ್ ಮತ್ತು ಸಂಗಡಿಗರದು. ಅಗ್ಗದ ಇನ್‌ಫ್ರಾರೆಡ್ ಸೆನ್ಸರಿನಲ್ಲಿ ಅದು ಎಷ್ಟು ಚೆನ್ನಾಗಿ ಬರುತ್ತದೆ ಅಂತ ಚೇಂಬರಿನ ಜೊತೆ ಹೋಲಿಸಿ ನೋಡುತ್ತಿದ್ದೇನೆ. ಗಾಳಿ ಬೀಸಿದರೆ ಓದು ಕುಣಿಯುತ್ತದೆ, ಮೋಡ ಬಂದರೆ ಇನ್ನೂ ಕಷ್ಟ. ಜೊತೆಗೆ ಇಲ್ಲಿನ ಬಳ್ಳಿ ಗೋಡೆಯ ಹಾಗೆ ನಿಂತಿರುತ್ತದೆ, ನಮ್ಮದು ಚಪ್ಪರ. ಸೆನ್ಸರ್ ಮೇಲಿನಿಂದ ನೋಡಬೇಕು. ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ನಾಲ್ಕು ಒಯ್ಯುತ್ತಿದ್ದೇನೆ. ಕಾಕಾ ಒಪ್ಪಿದ್ದಾರೆ. ಔಷಧ ಹೊಡೆಯುವ ದಿನ ನಾನೇ ಬಂದು ಬಿಚ್ಚಿಡಬೇಕಂತೆ.