ಆಗುಂಬೆ ಘಾಟಿಯಲ್ಲಿ ಬೆವರುವ ದೀಪ

ಘಟ್ಟದ ಬುಡದಲ್ಲಿ ಉಡುಪಿ ಜಿಲ್ಲೆಯ ಸೋಮೇಶ್ವರ, ನೆತ್ತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಆಗುಂಬೆ. ನಡುವೆ 14 ಹೇರ್‌ಪಿನ್ ತಿರುವುಗಳು. ಚಳಿಗಾಲದ ಸಂಜೆ ಸೂರ್ಯಾಸ್ತ ನೋಡಲು ಜನ ಸೇರುವ ಈ ಹಾದಿ ಮಳೆಗಾಲದಲ್ಲಿ ಹಗಲಲ್ಲೂ ಮಬ್ಬು. ಅರಬ್ಬಿ ಸಮುದ್ರದಿಂದ ನೀರಾವಿ ಹೊತ್ತು ಬರುವ ಗಾಳಿ ಇಲ್ಲಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ತಣಿದ ಗಾಳಿ ಹಿಡಿದಿಡಲಾರದ ಆವಿ ಮೋಡವಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ.

ಘಾಟಿ ಹತ್ತಿ ಬಂದ ಮೋಟಾರ್ ಬೈಕುಗಳು ಚಹಾದಂಗಡಿಯ ಮುಂದೆ ನಿಂತಾಗ ಇದೇ ಪಾಠ ಇನ್ನೊಮ್ಮೆ ನಡೆಯುತ್ತದೆ, ಹೆಡ್‌ಲೈಟಿನ ಒಳಗೆ. ಗಾಜಿನ ಮೇಲೆ ಮಂಜು ಕಟ್ಟಿದಂತಿರುತ್ತದೆ. ಸವಾರ ಕರವಸ್ತ್ರದಿಂದ ಒರೆಸುತ್ತಾನೆ. ಹೋದರೆ ಅದು ಹೊರಗಿನದು, ಹೋಗದಿದ್ದರೆ ಒಳಗಿನದು.

ಮಳೆ ಹೊಡೆಯದಂತೆ ಮುಚ್ಚಿದ ದೀಪದೊಳಗೆ ನೀರೆಲ್ಲಿಂದ ಬಂತು? ಹೆಡ್‌ಲೈಟು ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಬಲ್ಬು ಉರಿದು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಲು, ಆರಿದಾಗ ಮತ್ತೆ ಒಳಬರಲು ಸಣ್ಣ ಉಸಿರು ರಂಧ್ರ ಇಟ್ಟಿರುತ್ತಾರೆ. ಕರಾವಳಿಯ ಸೆಕೆಯಲ್ಲಿ ಒಳಸೇರಿದ ಗಾಳಿ ಆವಿಯನ್ನೂ ತಂದಿರುತ್ತದೆ. ಮೇಲೆ ಮಳೆನೀರು ಬಡಿದು ಗಾಜು ತಣ್ಣಗಾದೊಡನೆ ಆ ಆವಿ ಗಾಜಿನ ಒಳಮೈಗೆ ಹನಿಯಾಗಿ ಅಂಟುತ್ತದೆ. ಶಾಲೆಯಲ್ಲಿ ಕಲಿಯುವ ಸಾಂದ್ರೀಕರಣ ಇದೇ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಉಳಿದ 13 ಗ್ರಾಂ ನೀರಾಗಬೇಕು. ದೀಪದೊಳಗಿನ ಗಾಳಿ ಒಂದು ಲೀಟರ್ ಎಂದಿಟ್ಟುಕೊಂಡರೆ ಅದು 13 ಮಿಲಿಗ್ರಾಂ. ತೀರಾ ಕಡಿಮೆ, ಆದರೆ ಗಾಜು ಮಬ್ಬಾಗಲು ಸಾಕು.

ರೋಗವನ್ನು ಪತ್ತೆ ಮಾಡುವುದೂ ಈ ಲೆಕ್ಕದಿಂದಲೇ. ತೆಳು ಮಂಜು ಕಟ್ಟಿ, ದೀಪ ಉರಿದ ಸ್ವಲ್ಪ ಹೊತ್ತಿನಲ್ಲಿ ಕರಗಿದರೆ ಅದು ಗಾಳಿಯ ಆವಿ, ಚಿಂತೆ ಬೇಡ. ಎಲ್‌ಇಡಿ ದೀಪದಲ್ಲಿ ಗಾಜಿಗೆ ತಾಗುವ ಶಾಖ ಕಡಿಮೆಯಾದ್ದರಿಂದ ಕರಗಲು ಹೆಚ್ಚು ಹೊತ್ತು ಬೇಕು. ತಳದಲ್ಲಿ ನೀರು ನಿಂತಿದ್ದರೆ ಮಾತ್ರ ಅದು ಸೋರಿಕೆ. ಗಾಜಿನ ಬಿರುಕು, ಸಡಿಲ ಗ್ಯಾಸ್ಕೆಟ್, ಬಲ್ಬಿನ ಹಿಂದಿನ ಹರಿದ ರಬ್ಬರ್ ಟೊಪ್ಪಿ, ಇವನ್ನು ಹುಡುಕಿ ಬದಲಿಸಬೇಕು.

ಮಂಜು ಕಂಡೊಡನೆ ಸಂದುಗಳಿಗೆಲ್ಲ ಅಂಟು ಮೆತ್ತಿಸುವವರೇ ಹೆಚ್ಚು. ಅದರಿಂದ ಉಸಿರು ರಂಧ್ರವೂ ಮುಚ್ಚಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ರಂಧ್ರದಲ್ಲಿ ಕೆಸರು ಕಟ್ಟಿದ್ದರೆ ಬಿಡಿಸಬೇಕೇ ಹೊರತು ಮುಚ್ಚಬಾರದು. ರಬ್ಬರ್ ಟೊಪ್ಪಿ ಮತ್ತು ಬಲ್ಬು ತೆಗೆದು, ಒಣ ಬೆಚ್ಚನೆಯ ಜಾಗದಲ್ಲಿಟ್ಟರೆ ದೀಪ ತಾನಾಗಿ ಆರುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಕೆಡಬಹುದು. ಒಳಗಿನ ಹೊಳೆಯುವ ಬಟ್ಟಲನ್ನು ಬಟ್ಟೆಯಿಂದ ಉಜ್ಜಿದರೆ ತೆಳು ಲೋಹದ ಲೇಪ ಕಿತ್ತುಬರುತ್ತದೆ.

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಆದೊಡನೆ ದೀಪ ಹೊತ್ತುವ ವ್ಯವಸ್ಥೆ ಕಡ್ಡಾಯವಾಗಿದೆ. ದೀಪ ಉರಿದರೆ ಸಾಲದು, ಬೆಳಕು ರಸ್ತೆಗೆ ಬೀಳಬೇಕು. ಗಾಜಿನ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ: ತಿರುವಿನಂಚು ಸವಾರನಿಗೆ ಕಾಣುವುದಿಲ್ಲ, ಎದುರು ಬರುವವನ ಕಣ್ಣು ಕುಕ್ಕುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ಸವಾರನ ಕಣ್ಣಿಗೇ ಬೀಳುತ್ತದೆ; ಲೋಬೀಮ್ ವಾಸಿ.

ಮಳೆಗಾಲದಲ್ಲಿ ಮಕ್ಕಳು ಬೈಕಿನಲ್ಲಿ ಘಟ್ಟ ಇಳಿಯುವುದಿದ್ದರೆ, ಹೊರಡುವ ಮುನ್ನ ದೀಪವನ್ನು ಗೋಡೆಯ ಮೇಲೆ ಬಿಟ್ಟು ನೋಡುವಂತೆ ಹೆತ್ತವರು ಹೇಳಬೇಕು. ಲೋಬೀಮಿನ ಮೇಲಂಚು ಸ್ಪಷ್ಟವಾಗಿದ್ದರೆ ಸರಿ. ಮೊದಲಿಗಿಂತ ಕಲಸಿಹೋದಂತೆ ಕಂಡರೆ ಗಾಜು ತಿಳಿಯಾಗುವವರೆಗೆ ಕಾಯುವುದೇ ಲೇಸು.